ಸಂಶಿಗೆ ಹೋಗಲು ಒಂದು ಡ್ಯಾಂಪರ್

ಶಲವಡಿಯ ಅಂಚೆ ಕಚೇರಿಗೂ ಹಜರತಅಲಿಯ ಅಂಗಡಿಗೂ ನಡುವೆ ಒಂದೇ ಗೋಡೆ. ಕಚೇರಿ ಅಂದರೆ ದೊಡ್ಡದೇನಲ್ಲ. ಒಂದು ಖೋಲಿ, ಒಂದು ಮೇಜು, ಒಂದು ತಕ್ಕಡಿ, ಮತ್ತು ಮುದಕಪ್ಪ ಎಂಬ ನಾನು. ಇಪ್ಪತ್ತೆಂಟು ವರ್ಷದಿಂದ ಇದೇ ಮೇಜಿನ ಹಿಂದೆ ಕೂತಿದ್ದೇನೆ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಊರಿನವರ ದೂರು. ಬರುತ್ತದೆ. ಹಜರತಅಲಿಯಂಥವನ ಬಾಜು ಹದಿನೈದು ವರ್ಷ ಕೂತರೆ ಯಾರಿಗಾದರೂ ಬರುತ್ತದೆ.

ಅವನ ಕೆಲಸ ಸುಟ್ಟುಹೋದ ಮೋಟರಿಗೆ ಹೊಸ ತಂತಿ ಸುತ್ತುವುದು. ಕಾಲುವೆ ನೀರು ಎತ್ತುವ ಮೋಟರು, ಹಿಟ್ಟಿನ ಗಿರಣಿಯ ಮೋಟರು, ಸುತ್ತಲಿನ ಹಳ್ಳಿಗಳಲ್ಲಿ ಏನು ಸುಟ್ಟರೂ ಅವನ ಹತ್ತಿರ ಬರುತ್ತದೆ. ತಾಮ್ರದ ತಂತಿಯನ್ನು ಕಟ್ಟಿಗೆಯ ಅಚ್ಚಿಗೆ ಸುತ್ತುವಾಗ ಲೆಕ್ಕ ತಪ್ಪುವಂತಿಲ್ಲ. ಎಂಬತ್ತು ಸುತ್ತು ಅಂದರೆ ಎಂಬತ್ತೇ. ಸುತ್ತು ಎಣಿಸುವ ಯಂತ್ರ ಪೇಟೆಯಲ್ಲಿ ಸಿಗುತ್ತದೆ, ಇವನಿಗೆ ತನ್ನ ಬಾಯಿಲೆಕ್ಕದ ಮೇಲೆಯೇ ನಂಬಿಕೆ. ನಡುವೆ ಯಾರಾದರೂ ಬಂದರೆ ತುಟಿ ಅಲ್ಲಾಡಿಸುತ್ತಲೇ ಒಂದು ಕೈ ಎತ್ತಿ ಅಂಗೈ ತೋರಿಸುತ್ತಾನೆ. ತಡೀರಿ ಎಂದು ಅರ್ಥ. ಬಂದವರು ಸ್ವಲ್ಪ ಹೊತ್ತು ತಡೆಯುತ್ತಾರೆ, ಆಮೇಲೆ ಎದ್ದು ಹೋಗುತ್ತಾರೆ. ಹಿಂಗಾಗಿ ಊರಲ್ಲಿ ಅವನಿಗೆ ವೈರಿಗಳೂ ಇಲ್ಲ, ಗೆಳೆಯರೂ ಇಲ್ಲ. ಅವನ ಅಂಗೈ ಎಲ್ಲರಿಗೂ ಗೊತ್ತು, ಅವನ ಮನಸ್ಸು ಯಾರಿಗೂ ಗೊತ್ತಿಲ್ಲ.

ಇಂಥವನು ಐದು ವರ್ಷದ ಕೆಳಗೆ ಹುಬ್ಬಳ್ಳಿಯಿಂದ ಒಂದು ಹಳೇ ಸ್ಪೋರ್ಟ್ಸ್ ಬೈಕು ತಂದ. ಕೆಂಪು ಬಣ್ಣದ್ದು. ಓಡಿಸುವವನು ಪೆಟ್ರೋಲ್ ಟಾಕಿಯ ಮೇಲೆ ಬೋರಲು ಬೀಳಬೇಕು, ಹಿಂದೆ ಕೂತವರು ಅಟ್ಟದ ಮೇಲೆ ಕೂತಂತೆ ಕೂಡಬೇಕು. ಜೋಳದ ಚೀಲ ಹೇರಲಿಕ್ಕೆ ಬರುವುದಿಲ್ಲ, ಹಾಲಿನ ಕ್ಯಾನು ಕಟ್ಟಲಿಕ್ಕೆ ಬರುವುದಿಲ್ಲ. ಯಾಕೋ ತಂದಿ ಎಂದು ಕೇಳಿದೆ. ಛಲೋ ಕಂಡಿತ್ರಿ ಅಂದ. ಅವನ ಬಾಯಿಂದ ಅವತ್ತು ಬಂದ ಮಾತು ಅಷ್ಟೇ.

ಅವನ ಹೆಂಡತಿ ರುಬಿಯಾ ಸಂಶಿಯವಳು. ಅಲ್ಲಿ ಅವರ ತಂದೆಯದು ಬಳೆ ಅಂಗಡಿ. ಮಾತಿನ ಮನೆಯಿಂದ ಬಂದ ಹುಡುಗಿ ಈ ಅಂಗೈಯವನ ಮನೆ ಸೇರಿದ್ದಳು. ಮಕ್ಕಳಾಗಿರಲಿಲ್ಲ. ಆದರೆ ಆ ಬೈಕು ಬಂದ ಮೇಲೆ ಆಕೆ ಒಂದು ಸಂಗತಿ ಕಂಡುಹಿಡಿದಳು. ಒಮ್ಮೆ ರೊಕ್ಕ ಕಟ್ಟಲು ಕಚೇರಿಗೆ ಬಂದಾಗ ನಗುತ್ತ ಹೇಳಿದಳು.

"ಗಾಡಿ ಮ್ಯಾಲೆ ಕುಂತ್ರ ಇವ್ರು ಮಾತಾಡ್ತಾರ್ರಿ ಕಾಕಾ. ಮನ್ಯಾಗ ತಿಂಗಳಿಗೆ ಆಡೂದು ಅಣ್ಣಿಗೇರಿ ಮುಟ್ಟೂದ್ರಾಗ ಆಡಿ ಮುಗಸ್ತಾರ. ಗಾಳ್ಯಾಗ ಅರ್ಧ ಕೇಳೂದಿಲ್ಲ, ನಾ ಹೂಂ ಹೂಂ ಅಂತೀನಿ."

ನನಗೆ ನಗು ಬಂತು. ಆಮೇಲೆ ಯೋಚಿಸಿದೆ, ಬೈಕಿನ ಮೇಲೆ ಎಣಿಸುವುದು ಏನೂ ಇರುವುದಿಲ್ಲವಲ್ಲ. ಭಾನುವಾರ ಅಂಗಡಿ ಮುಚ್ಚಿ ಇಬ್ಬರೂ ಸುಮ್ಮಸುಮ್ಮನೆ ಅಣ್ಣಿಗೇರಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು.

ಹೋದ ವರ್ಷ ಜುಲೈ ತಿಂಗಳು. ನಾಲ್ಕು ದಿನದಿಂದ ಜಿಟಿಜಿಟಿ ಮಳೆ. ಊರ ಗಿರಣಿಯ ಮೋಟರು ಸುಟ್ಟು ಎರಡು ದಿನವಾಗಿ, ಹಿಟ್ಟಿಲ್ಲದೆ ಹೆಂಗಸರೆಲ್ಲ ಹಜರತಅಲಿಯ ಹೆಸರಿಗೆ ಶಾಪ ಹಾಕುತ್ತಿದ್ದರು. ಬೆಳಿಗ್ಗೆ ಹತ್ತರ ಸುಮಾರಿಗೆ ರುಬಿಯಾ ಅಂಗಡಿಯ ಹೊಸ್ತಿಲಿಗೆ ಬಂದು ನಿಂತಳು. ನಾನು ಕಟ್ಟೆಯ ಮೇಲೆ ಟಪಾಲು ಚೀಲ ಬಿಚ್ಚುತ್ತಿದ್ದೆ. ಆಕೆ ಬಾಯಿ ತೆರೆದಳು, ಇವನ ಅಂಗೈ ಎದ್ದಿತು. ಆಕೆ ಬಾಯಿ ಮುಚ್ಚಿಕೊಂಡಳು. ಸೆರಗು ನೆನೆದಿತ್ತು, ಮುಖ ನೋಡಿದರೆ ಎಂಥವನಿಗೂ ಏನೋ ಆಗಿದೆ ಎಂದು ತಿಳಿಯುತ್ತಿತ್ತು. ಇವನ ಕಣ್ಣು ತಂತಿಯ ಮೇಲಿತ್ತು. ಅವನು ಸುತ್ತಿ ಮುಗಿಸುವ ತನಕ ಆಕೆ ಅಲ್ಲೇ ನಿಂತಿದ್ದಳು. ಅವನು ತಲೆ ಎತ್ತಿದ ಮೇಲೆ ಹೇಳಿದಳು. ಅಪ್ಪ ತೀರಿಕೊಂಡನೆಂದು ಸಂಶಿಯಿಂದ ಫೋನು ಬಂದಿತ್ತು.

ಸಂಜೆಯ ನಮಾಜಿನ ಹೊತ್ತಿಗೆ ಮಣ್ಣು ಅಂದಿದ್ದರು. ಮಳೆಯಲ್ಲಿ ಅಷ್ಟು ದೂರ ಆಕೆಯನ್ನು ಬೈಕಿನ ಮೇಲೆ ಒಯ್ಯುವುದು ಬೇಡ, ಅಣ್ಣಿಗೇರಿಯಿಂದ ಬಸ್ಸಿಗೆ ಹತ್ತಿಸುವುದು, ಗಿರಣಿ ಮೋಟರು ಮುಗಿಸಿ ತಾನು ಮಧ್ಯಾಹ್ನ ಹೊರಡುವುದು ಎಂದು ಠರಾಯಿಸಿದ. ಇಬ್ಬರೂ ಹೊರಟರು. ಊರ ಹೊರಗೆ ರಸ್ತೆ ಅಗೆದು ಬಿಟ್ಟಿದ್ದರು. ನಮ್ಮ ಎರೆಮಣ್ಣು ಹಸಿಯಾದರೆ ಬಿಡುವ ಜಾತಿಯದಲ್ಲ. ಮುಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಸೇರಿಕೊಂಡು ಗಾಲಿಯನ್ನೇ ಹಿಡಿದುಬಿಡುತ್ತದೆ. ಅದಕ್ಕೇ ಮಳೆಗಾಲ ಬಂತೆಂದರೆ ನಮ್ಮ ಕಡೆ ಎಲ್ಲರೂ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಮನೆಯಲ್ಲಿ ತೂಗಹಾಕುತ್ತಾರೆ. ನನ್ನ ಗಾಡಿಯದೂ ಬಿಚ್ಚಿದೆ. ಒಮ್ಮೆ ಬಿಚ್ಚಿದ್ದನ್ನು ತಿರುಗಿ ಹಾಕಬೇಕೆಂಬ ನೇಮ ಏನಿಲ್ಲ. ಮಳೆಯಲ್ಲಿ ಬೈಕು ಹೊರಗೆ ತೆಗೆಯದ ಹಜರತಅಲಿಯೂ ಅವತ್ತು ಮೊದಲ ಸಲ ದಾರಿಯಲ್ಲೇ ನಾಲ್ಕು ಬೋಲ್ಟು ಬಿಚ್ಚಿ, ಮಡ್‌ಗಾರ್ಡನ್ನು ಬೋಲ್ಟಿನ ಸಮೇತ ಹಿಂದೆ ಕೂತ ಹೆಂಡತಿಯ ಕೈಗೆ ಕೊಟ್ಟ. ಆಕೆ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಅಣ್ಣಿಗೇರಿ ಮುಟ್ಟಿದಳು, ಅದನ್ನು ಹಿಡಿದುಕೊಂಡೇ ಬಸ್ಸು ಹತ್ತಿದಳು. ಬಸ್ಸು ಹೋದ ಮೇಲೆ ಇವನಿಗೆ ನೆನಪಾಯಿತು. ಇರಲಿ, ಸಂಜೆಗೆ ಹೋಗುತ್ತೇನಲ್ಲ ಅಂದುಕೊಂಡ.

ಮೋಟರು ಮುಗಿದಾಗ ಮೂರು ಗಂಟೆ. ನಲವಡಿ ದಾಟಿ ಹುಬ್ಬಳ್ಳಿಯ ಹೆದ್ದಾರಿಯಲ್ಲಿ ಎಪ್ಪತ್ತರ ವೇಗಕ್ಕೆ ಹತ್ತಿದಾಗ ಹ್ಯಾಂಡಲ್ ಒಮ್ಮೆಲೇ ಅದುರಲು ಶುರುವಾಯಿತು. ಸಣ್ಣ ಅದುರಲ್ಲ, ಹೋರಿ ಕೊಂಬು ಝಾಡಿಸಿದಂತೆ ಎಡಕ್ಕೂ ಬಲಕ್ಕೂ. ಬೈಕು ರಸ್ತೆ ಬಿಟ್ಟು ಹೊಲಕ್ಕಿಳಿದು ನಿಂತಿತು. ಒಂದು ಮೊಳ ಬಾಜುವಿನಲ್ಲಿ ಲಾರಿಯ ಗಾಲಿ ಹೋಯಿತಂತೆ. ರಸ್ತೆಗೆ ತಂದು ಇನ್ನೊಮ್ಮೆ ಓಡಿಸಿ ನೋಡಿದ, ಮತ್ತೆ ಅದೇ. ನಿಧಾನ ಹೋದರೆ ಮಣ್ಣಿಗೆ ಮುಟ್ಟುವುದಿಲ್ಲ, ಜೋರು ಹೋದರೆ ತನ್ನದೇ ಮಣ್ಣು. ತಿರುಗಿ ಊರಿಗೆ ಬಂದ.

"ತಡಾ ಆದ್ರೂ ಹೋಗಬೇಕಿತ್ತಲೇ" ಎಂದು ಮರುದಿನ ಬೈದೆ.

"ಕೈ ನಡಗಾಕತ್ತಿದ್ದವು ಕಾಕಾ. ಗಾಡಿ ನಡಗತೈತೋ ನಾ ನಡಗತೇನೋ ತಿಳೀಲಿಲ್ಲ" ಅಂದ.

ಫೋನು ಮಾಡಿದಾಗ ಎತ್ತಿದವನು ರುಬಿಯಾಳ ಅಣ್ಣ ಅಕೀಲ್. ಮಾವನಿಗೆ ಒಂದು ಹಿಡಿ ಮಣ್ಣು ಕೊಡಲಿಕ್ಕೆ ಬರಲಿಲ್ಲ, ಈಗ ಯಾಕೆ ಫೋನು ಎಂದು ಇಟ್ಟುಬಿಟ್ಟ. ತಾಯಿಯ ಇದ್ದತ್ ಮುಗಿಯುವ ತನಕ, ಅಂದರೆ ಗಂಡ ಸತ್ತವಳು ಮನೆ ಬಿಡದೆ ಕೂಡುವ ನಾಲ್ಕು ತಿಂಗಳು ಹತ್ತು ದಿನ, ರುಬಿಯಾ ಅಲ್ಲೇ ಉಳಿದದ್ದು ಸಹಜವೇ. ಆಮೇಲೆ ಇವನು ಹೋಗಬೇಕಿತ್ತು. ಮನಸ್ತಾಪವಾಗಿ ತವರಲ್ಲಿ ಕೂತವಳು ತಾನಾಗಿ ಬರುವುದಿಲ್ಲ, ಗಂಡ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಕರೆಯಬೇಕು. ಅವರಲ್ಲಾಗಲಿ ನಮ್ಮಲ್ಲಾಗಲಿ ಇದು ಒಂದೇ. ನಾನು ಬರ್ತೀನಿ ನಡಿ ಅಂದೆ. ಗಾಡಿ ರಿಪೇರಿ ಆಗಲಿ ಕಾಕಾ, ಹೋಗೂಣು ಅಂದ.

ಅಣ್ಣಿಗೇರಿಯ ಮೆಕ್ಯಾನಿಕ್ ಆಸೀಫ್ ಹ್ಯಾಂಡಲಿನ ಬುಡದ ಕೋನ್‌ಸೆಟ್ ಬದಲಿಸಿದ, ಗಾಲಿ ತಿರುಗಿಸಿ ನೋಡಿದ, ಟೈರು ಹೊಸದು ಹಾಕಿದ. ಎಪ್ಪತ್ತಕ್ಕೆ ಹತ್ತಿದರೆ ಅದೇ ಅದುರು. ಕಡೆಗೆ ಅವನೇ ಹೇಳಿದ, ಇದಕ್ಕ ಸ್ಟೇರಿಂಗ್ ಡ್ಯಾಂಪರ್ ಬೇಕು, ದೊಡ್ಡ ಗಾಡಿಗೆ ಕಂಪನಿಯವರ ಹಾಕಿರ್ತಾರ, ಇದಕ್ಕ ಹೊರಗಿಂದ ತರಿಸಬೇಕು. ಡ್ಯಾಂಪರ್ ಅಂದರೆ ಎಣ್ಣೆ ತುಂಬಿದ ಸಣ್ಣ ಕೊಳವೆ. ಬ್ಯಾಂಕಿನ ಬಾಗಿಲು ಧಡ್ಡನೆ ಬಡಿಯದಂತೆ ಮೇಲೆ ಒಂದು ಹಚ್ಚಿರುತ್ತಾರಲ್ಲ, ಅದರ ತಮ್ಮ. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಮುಂದಿನ ಗಾಲಿ ಹಿಡಿದ ಎರಡು ಕಾಲಿನ ಫೋರ್ಕಿಗೆ. ಹ್ಯಾಂಡಲ್ ನಿಧಾನ ತಿರುಗಿದರೆ ಬಿಡುತ್ತದೆ, ಝಾಡಿಸಿದರೆ ಹಿಡಿಯುತ್ತದೆ.

ಅಲ್ಲಿಂದ ಆರಿಸುವುದು ಶುರುವಾಯಿತು ನೋಡಿ. ಹೆಣ್ಣು ನೋಡುವುದಕ್ಕೂ ಯಾರೂ ಇಷ್ಟು ದಿನ ತಗೊಂಡಿರಲಿಕ್ಕಿಲ್ಲ. ಉದ್ದ ದಂಡಿಯದು ಒಂದು ಬಗೆ, ಹ್ಯಾಂಡಲಿನ ನೆತ್ತಿಯ ಮೇಲೆ ಕೂಡುವ ಚಪ್ಪಟೆ ಡಬ್ಬಿಯದು ಇನ್ನೊಂದು ಬಗೆ. ಡಬ್ಬಿಯದು ಛಲೋ, ಆದರೆ ಅದನ್ನು ಈ ಗಾಡಿಗೆ ಕೂಡಿಸುವ ಕಬ್ಬಿಣದ ಪಟ್ಟಿ ಯಾರೂ ಮಾಡುವುದಿಲ್ಲ. ದಂಡಿಯದರಲ್ಲಿ ಅಗ್ಗದವು ಆರು ತಿಂಗಳಿಗೆ ಎಣ್ಣೆ ಕಾರುತ್ತವೆ. ಬಿಗಿ ಹೆಚ್ಚುಕಡಿಮೆ ಮಾಡುವ ತಿರುಪು ಕೆಲವಕ್ಕೆ ಆರು ಹಂತ, ಕೆಲವಕ್ಕೆ ಹದಿನೆಂಟು. ಹುಬ್ಬಳ್ಳಿಯ ಗುಜರಿಯಲ್ಲಿ ಯಾವುದೋ ದೊಡ್ಡ ಬೈಕಿನದು ಸಿಕ್ಕಿತು, ದಂಡಿ ಎಳೆದು ನೋಡಿ, ಒಳಗೆ ಗಾಳಿ ಸೇರೈತಿ ಅಂತ ಬಿಟ್ಟು ಬಂದ. ಯಾವ ಮೋಟರಿಗೆ ಎಷ್ಟು ಸುತ್ತು ಎಂದು ಬರೆದಿಡುವ ವಹಿಯ ಹಿಂದಿನ ಹಾಳೆಗಳಲ್ಲಿ ಎಲ್ಲ ಡ್ಯಾಂಪರುಗಳ ಚಿತ್ರ ಬರೆದ. ದಂಡಿ ಎಷ್ಟು ಓಡಬೇಕು ಎಂದು ನೋಡಲು ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಚಾಸಿಯಿಂದ ಫೋರ್ಕಿನ ತನಕ ಒಂದು ತಾಮ್ರದ ತಂತಿ ಕತ್ತರಿಸಿದ, ಪೂರ್ತಿ ಬಲಕ್ಕೆ ತಿರುಗಿಸಿ ಇನ್ನೊಂದು. ಎರಡನ್ನೂ ಬಾಜು ಬಾಜು ಇಟ್ಟು ಹೆಚ್ಚಿದ್ದನ್ನು ಅಳೆದ. ಹ್ಯಾಂಡಲ್ ಹಿಡಿದು ನಿಂತವನು ನಾನು. ಸರ್ಕಾರ ನನಗೆ ಸಂಬಳ ಕೊಡುವುದು ಇದಕ್ಕಲ್ಲ.

ಪುಣೆಯಲ್ಲಿ ಡ್ಯಾಂಪರ್ ಮಾರುವವನೊಬ್ಬನ ಜೋಡಿ ವಾರಕ್ಕೆ ಎರಡು ಸಲ ಫೋನು. ಹೆಂಡತಿಯ ಜೋಡಿ ಎರಡು ಮಾತಾಡದವನು ಅವನ ಜೋಡಿ ಅರ್ಧ ತಾಸು ಹಿಂದಿಯಲ್ಲಿ ಆಡುತ್ತಿದ್ದ. ಫೋನಿನ ಸ್ಪೀಕರ್ ಹಚ್ಚಿರುತ್ತಿದ್ದ, ಗೋಡೆಯ ಈಚೆ ನನಗೆ ಎಲ್ಲ ಕೇಳುತ್ತಿತ್ತು. ರೇಸಿಗೆ ಹೋಗುತ್ತೀರೇನು ಎಂದು ಆತ ಒಮ್ಮೆ ಕೇಳಿದ. ಇಲ್ಲ ಸಾಹೇಬ್ರೇ, ಸಂಶಿಗೆ ಹೋಗಬೇಕು ಎಂದು ಇವನು ಹೇಳಿದ. ಆ ಕಡೆಯವನು ಏನು ತಿಳಿದನೋ, ಹಂಗಾದರೆ ಹದಿನೆಂಟು ಹಂತದ್ದೇ ತಗೊಳ್ಳಿ ಅಂದ.

ಹೀಗೆ ಎಂಟು ತಿಂಗಳು, ಒಂಬತ್ತು ತಿಂಗಳು. ಸಂಜೆ ಅವನ ಮನೆಯಲ್ಲಿ ದೀಪ ಹತ್ತುತ್ತಿರಲಿಲ್ಲ. ಅಂಗಡಿಯಲ್ಲೇ ರೊಟ್ಟಿ ತಿಂದು ವಾರ್ನಿಶ್ ವಾಸನೆಯಲ್ಲೇ ಮಲಗುತ್ತಿದ್ದ. ಒಂದು ದಿನ ನನ್ನ ತಲೆ ಕೆಟ್ಟಿತು.

"ಲೇ ಹಜರತ, ಸಂಶಿಗೆ ಬಸ್ಸಿಲ್ಲೇನಲೇ? ನಾಳೆ ಮುಂಜಾನೆ ಹತ್ತೂಣು, ಮಧ್ಯಾಹ್ನ ಕರ್ಕೊಂಡ ಬರೂಣು."

ಅವನು ತಂತಿ ಕೆಳಗಿಟ್ಟ.

"ಬಸ್ಸಿನಾಗ ಬಂದ್ರ ಬಾಜು ಕುಂಡ್ರತೀವ್ರಿ ಕಾಕಾ. ಬಾಜು ಕುಂತ್ರ ನನಗ ಮಾತ ಬರೂದಿಲ್ಲ. ಗಾಡಿ ಮ್ಯಾಲೆ ಆಕಿ ಹಿಂದಿರ್ತಾಳ, ಮುಖ ಕಾಣೂದಿಲ್ಲ, ಆಗ ಹೇಳಬಹುದು."

"ಏನ ಹೇಳಬೇಕಾಗೇತಿ?"

"ಅವತ್ತ ಕೈ ಎತ್ತಿದ್ದು ತಪ್ಪಾತಂತ."

ಬಸ್ಸಿನ ಮಾತು ಅಲ್ಲಿಗೇ ಬಿಟ್ಟೆ.

ಪುಣೆಯಿಂದ ಬಂದ ಮೊದಲ ಪಾರ್ಸೆಲ್ ನನ್ನ ಮೇಜಿನ ಮೇಲೇ ಬಿಚ್ಚಿದ. ದಂಡಿ ಎರಡು ಬೆರಳು ಗಿಡ್ಡ. ಅದನ್ನು ಹಾಕಿದರೆ ಹ್ಯಾಂಡಲ್ ಅರ್ಧಕ್ಕೇ ನಿಲ್ಲುತ್ತದೆ, ತಿರುವಿನಲ್ಲಿ ಸೀದಾ ಹಳ್ಳಕ್ಕೆ ಹೋಗಬೇಕು. ತಿರುಗಿ ಕಳಿಸಿದ. ಎರಡನೆಯದು ಬರಲು ಮತ್ತೆ ಎರಡು ತಿಂಗಳು, ಯಾಕೆಂದರೆ ಇವನು ಬಣ್ಣ ಯಾವುದಿರಲಿ ಎಂದು ಹೇಳಲು ಒಂದು ತಿಂಗಳು ತೆಗೆದುಕೊಂಡ. ಅದು ಬಂದ ದಿನ ಸಹಿ ಮಾಡಿಸಿಕೊಳ್ಳುತ್ತ ಹೇಳಿದೆ, ಇದೂ ಕೂಡಲಿಲ್ಲಂದ್ರ ಮೂರನೇದು ನಾ ನಿನಗ ಕೊಡೂದಿಲ್ಲ. ಅವನು ನಗಲಿಲ್ಲ. ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದ.

"ಇದು ಬರೋಬರಿ ಕೂಡ್ತಂದ್ರ ಹೋಗಬೇಕಾಕ್ಕೈತಿ ಕಾಕಾ" ಅಂದ.

ಅಷ್ಟು ತಿಂಗಳು ಅವನು ಯಾಕೆ ಆರಿಸುತ್ತಿದ್ದ ಎಂದು ನನಗೆ ಆಗ ತಿಳಿಯಿತು. ಅವನಿಗೂ ಆಗಲೇ ತಿಳಿದಿರಬೇಕು.

ಅದು ಕೂಡಿತು. ಈ ವರ್ಷ ದಸರೆ ಕಳೆದ ಮೊದಲ ಭಾನುವಾರ ಹೊರಟೆವು. ಹೋಗುವಾಗ ಹಿರಿಯನೆಂದು ನಾನು ಹಿಂದೆ ಕೂಡುವುದು, ಬರುವಾಗ ನಾನು ಬಸ್ಸಿಗೆ, ಆಕೆ ಗಾಡಿಗೆ. ಅರವತ್ತಕ್ಕೆ ಬಂದ ಮನುಷ್ಯ ಧೋತರ ಎತ್ತಿಕಟ್ಟಿ ಆ ಅಟ್ಟ ಹತ್ತಿದ್ದನ್ನು ಇಡೀ ಓಣಿ ನಿಂತು ನೋಡಿತು. ಹದಿನೆಂಟೂ ಹಂತ ಬಿಗಿ ಮಾಡಿದ್ದ. ಹ್ಯಾಂಡಲ್ ತಿರುಗಿಸುವುದೆಂದರೆ ಬೀಸುವ ಕಲ್ಲು ತಿರುವಿದಂತೆ. ಎಪ್ಪತ್ತಕ್ಕೆ ಅದುರು ಬಂತು, ಆದರೆ ಮೊದಲಿನಂತೆ ಹುಚ್ಚು ಹಿಡಿಯಲಿಲ್ಲ, ಒಳಗೊಳಗೇ ನಡುಗಿ ಸುಮ್ಮನಾಯಿತು. ದಾರಿಯುದ್ದಕ್ಕೂ ಅವನು ಮಾತಾಡಿದ. ಆಕೆಗೆ ಏನು ಹೇಳಬೇಕೆಂದಿದ್ದನೋ ಅದನ್ನೆಲ್ಲ ನನಗೆ ಹೇಳಿ ನೋಡುತ್ತಿದ್ದ. ಗಾಳಿಯಲ್ಲಿ ಅರ್ಧ ಕೇಳಲಿಲ್ಲ. ನಾನು ಹೂಂ ಹೂಂ ಅಂದೆ.

ಸಂಶಿಯ ಬಳೆ ಅಂಗಡಿ ತೆರೆದಿತ್ತು. ಅಪ್ಪನ ಜಾಗದಲ್ಲಿ ರುಬಿಯಾ ಕೂತಿದ್ದಳು. ಮುಂದೆ ಮೂರು ಜನ ಹೆಂಗಸರು, ಒಬ್ಬಾಕೆಯ ಕೈ ಹಿಡಿದು ಬಳೆ ಏರಿಸುತ್ತ ಆಕೆ ಏನೋ ಹೇಳುತ್ತಿದ್ದಳು, ಅವರು ನಗುತ್ತಿದ್ದರು. ನಮ್ಮನ್ನು ಕಂಡು ಅರ್ಧ ಏರಿದ ಬಳೆಯನ್ನು ಪೂರ್ತಿ ಏರಿಸಿ, ಆಮೇಲೆ ಎದ್ದಳು. ಹಿತ್ತಲಲ್ಲಿ ಚಾಪೆ ಹಾಸಿ ನೀರು ಕೊಟ್ಟಳು. ಅವರ ಮನೆಮಾತು ಉರ್ದು. ನಾನಿದ್ದೇನೆಂದು ಕನ್ನಡದಲ್ಲೇ ಮಾತಾಡಿದಳು. ಮೊದಲು ನೋಡಿದ್ದು ಅವನನ್ನಲ್ಲ, ಬೈಕನ್ನು.

"ಇನ್ನೂ ಹಂಗ ಅಡ್ಡಾಡ್ತೀರೇನ್ರಿ, ಮಡಗಾರ್ಡ ಇಲ್ಲದ?"

ಒಳಗೆ ಹೋಗಿ ಅದನ್ನು ತಂದಳು. ತೊಳೆದು ಒರೆಸಿ ಹಳೇ ದುಪಟ್ಟಾದಲ್ಲಿ ಸುತ್ತಿಟ್ಟಿದ್ದಳು. ನಾಲ್ಕು ಬೋಲ್ಟು ಒಂದು ಕರವಸ್ತ್ರದ ಗಂಟಿನಲ್ಲಿದ್ದವು. ಹಜರತಅಲಿ ಅದನ್ನು ಕೈಯಲ್ಲಿ ತಗೊಂಡು ಬೋರಲು ಮಾಡಿದ. ಒಳಗಡೆ ಉಕ್ಕಿನ ಒಂದು ಗಟ್ಟಿ ಕಮಾನಿತ್ತು, ಫೋರ್ಕಿನ ಎರಡೂ ಕಾಲನ್ನು ಸೇರಿಸಿ ಹಿಡಿಯುವಂಥದ್ದು. ಅವನು ಬಹಳ ಹೊತ್ತು ಅದನ್ನೇ ನೋಡಿದ. ಎದ್ದು ಹೋಗಿ ಬೈಕಿನ ಮುಂದಿನ ಎರಡು ಕಾಲನ್ನು ಎರಡು ಕೈಯಿಂದ ಹಿಡಿದು ತಿರುಚಿದ. ಒಂದು ಹಿಂದೆ, ಒಂದು ಮುಂದೆ, ಕಣ್ಣಿಗೆ ಕಾಣುವಷ್ಟು ಅಲುಗಿದವು.

"ನಡಗತಿದ್ದದ್ದು ಇದು ಇಲ್ಲದ್ದಕ್ಕ" ಅಂದ. ನಮಗಲ್ಲ, ಗಾಲಿಗೆ ಹೇಳಿದಂತೆ.

ಪುಣೆಯವನಿಗೆ ಮಡ್‌ಗಾರ್ಡ್ ಬಿಚ್ಚಿಡುವ ಊರುಗಳಿವೆ ಎಂದು ಗೊತ್ತಿರಲಿಲ್ಲ, ಕೇಳಲಿಲ್ಲ. ಆಸೀಫನಿಗೆ ದಿನಕ್ಕೆ ಇಂಥವೇ ಇಪ್ಪತ್ತು ಗಾಡಿ ಬರುತ್ತವೆ, ಅವನ ಕಣ್ಣಿಗೆ ಬೀಳಲಿಲ್ಲ. ನಾನಂತೂ ಹ್ಯಾಂಡಲ್ ಹಿಡಿದು ಎದುರೇ ನಿಂತಿದ್ದೆ.

ಮಡ್‌ಗಾರ್ಡ್ ಕೂಡಿಸಲು ಇನ್ನೊಂದು ಜೊತೆ ಕೈ ಬೇಕು. ನಾನು ಏಳುವುದರೊಳಗೆ ರುಬಿಯಾ ಹೋಗಿ ಹಿಡಿದಳು. ಆಕೆ ಹಿಡಿದಳು, ಇವನು ಬೋಲ್ಟು ಬಿಗಿದ. ಇಬ್ಬರ ತಲೆಗಳೂ ಒಂದೇ ಗಾಲಿಯ ಮೇಲೆ ಬಗ್ಗಿದ್ದವು. ನಾಲ್ಕನೆಯ ಬೋಲ್ಟಿಗೆ ಅವನು ಬಾಯಿ ಬಿಟ್ಟ.

"ಅವತ್ತ ಕೈ ಎತ್ತಿದ್ದು ತಪ್ಪಾತು."

ಮುಖ ಎದುರಿಗಿದ್ದರೂ ಹೇಳಿದ. ನನಗೆ ಎದೆ ಹಗುರಾಯಿತು.

"ಗೊತ್ತೈತ್ರಿ" ಅಂದಳು ಆಕೆ. ಸಿಟ್ಟಿರಲಿಲ್ಲ ಅದರಲ್ಲಿ. "ಇದಕ್ಕಾದ್ರೂ ಬರ್ತಾರಂತ ಅಂದ್ಕೊಂಡಿದ್ದೆ. ಗಾಡಿ ಅಂದ್ರ ಜೀವ ಅಲ್ರಿ ನಿಮಗ. ದಿನಾ ಒರಸ್ತಿದ್ದೆ. ಆರ ತಿಂಗಳ ದಾರಿ ನೋಡಿದೆ. ಆಮ್ಯಾಲೆ ಅಂಗಡ್ಯಾಗ ಕುಂತೆ. ಇಲ್ಲಿ ಬಂದವ್ರೆಲ್ಲಾ ಮಾತಾಡ್ತಾರ್ರಿ. ಮುಂಜಾನಿಂದ ಸಂಜಿ ಮಟಾ ಮಾತು. ನನಗ ಈಗ ಮಾತಿಲ್ಲದ ಮನ್ಯಾಗ ಇರಾಕ ಆಗೂದಿಲ್ಲ."

ಹಿರಿಯನಾಗಿ ಬಂದವನು ನಾನು, ನಾಲ್ಕು ಮಾತು ಹೇಳಲೇಬೇಕು. ಹೇಳಿದೆ. ಆಕೆ ಸಮಾಧಾನದಿಂದ ಕೇಳಿದಳು. ಕಾಕಾ, ನೀವು ಅವತ್ತು ಕಟ್ಟಿ ಮ್ಯಾಲಿದ್ರಿ, ನೋಡೀರಿ ಅಂದಳು. ಹೌದು, ನೋಡಿದ್ದೆ. ನಾನಾದರೂ ಎದ್ದು ಹೋಗಿ ಏನಾತವ್ವ ಎಂದು ಕೇಳಬಹುದಿತ್ತು, ಕೇಳಿರಲಿಲ್ಲ. ಊಟಕ್ಕೆ ಹಾಕಿದಳು, ಉಂಡೆವು. ಹೊರಡುವಾಗ ಖಾಲಿ ದುಪಟ್ಟಾ ಮಡಚಿ ಒಳಗಿಟ್ಟಳು. ಅಂಗಡಿಯ ಮುಂದೆ ಮತ್ತೆ ಯಾರೋ ಕೈ ಚಾಚಿ ಕೂತಿದ್ದರು.

ನಾನು ಬಸ್ಸಿಗೆ ಹೋಗುವ ಕಾರಣ ಉಳಿದಿರಲಿಲ್ಲ. ಆಕೆಯ ಜಾಗದಲ್ಲಿ ನಾನೇ ಕೂತೆ. ಹುಬ್ಬಳ್ಳಿ ದಾಟಿದ ಮೇಲೆ ಅವನು ಗಾಡಿ ನಿಲ್ಲಿಸಿ ಡ್ಯಾಂಪರಿನ ತಿರುಪನ್ನು ಪೂರ್ತಿ ಸಡಿಲು ಮಾಡಿದ. ಎಪ್ಪತ್ತು, ಎಂಬತ್ತು, ಎಂಬತ್ತೈದು. ಹ್ಯಾಂಡಲ್ ನಿಂತ ನೀರಿನಂತಿತ್ತು. ಒಮ್ಮೆಯಾದರೂ ಅದುರಲಿ ಎಂದು ನಾನು ಬೇಡಿಕೊಂಡೆ, ಆ ಡ್ಯಾಂಪರಿಗೆ ಒಂದಾದರೂ ಅರ್ಥ ಇರಲಿ ಎಂದು. ಅದುರಲಿಲ್ಲ. ನಲವಡಿಯ ಹತ್ತಿರ, ಅವತ್ತು ಹೊಲಕ್ಕಿಳಿದಿದ್ದ ಜಾಗದಲ್ಲಿ, ಅವನು ಹಿಂದಕ್ಕೆ ತಿರುಗದೆ ಹೇಳಿದ.

"ನಾ ಕೈ ಎತ್ತಿದಾಗ ಇಪ್ಪತ್ತಾರರಾಗಿದ್ದೆ ಕಾಕಾ. ಎಂಬತ್ತರ ತನಕ ಎಣಿಸಿದೆ. ಐವತ್ತನಾಲ್ಕ ಸುತ್ತು ನಿಂತಿದ್ಲು ಆಕಿ."

ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

ಇದೆಲ್ಲ ಆಗಿ ಎರಡು ತಿಂಗಳಾಯಿತು. ಈಗ ಹಜರತಅಲಿ ಕೈ ಎತ್ತುವುದಿಲ್ಲ. ಯಾರಾದರೂ ಹೊಸ್ತಿಲಿಗೆ ಬಂದರೆ ಅರ್ಧ ಸುತ್ತಿದ್ದನ್ನು ಕೆಳಗಿಟ್ಟು, ಬರ್ರಿ, ಏನಾತ್ರಿ ಎಂದು ಕೇಳುತ್ತಾನೆ. ಅವರು ಹೋದ ಮೇಲೆ ಲೆಕ್ಕ ತಪ್ಪಿರುತ್ತದೆ. ತಂತಿಯನ್ನೆಲ್ಲ ಬಿಚ್ಚಿ ಮತ್ತೆ ಒಂದರಿಂದ ಸುತ್ತುತ್ತಾನೆ. ಎಣಿಸುವ ಯಂತ್ರ ತರಿಸು ಎಂದು ಹೇಳಿದರೆ ಬ್ಯಾಡ್ರಿ ಅನ್ನುತ್ತಾನೆ. ಒಂದು ದಿನದ ಮೋಟರಿಗೆ ಮೂರು ದಿನ ಹಿಡಿಯುತ್ತದೆ, ನೀರಿಗೆ ಅವಸರ ಇದ್ದವರು ಕಾಯುವುದಿಲ್ಲ, ನವಲಗುಂದಕ್ಕೆ ಒಯ್ಯುತ್ತಾರೆ. ಹಿಂಗಾಗಿ ಅವನ ಹೊಸ್ತಿಲಿಗೆ ಬರುವವರು ಕಡಿಮೆಯಾಗಿದ್ದಾರೆ.

ನಾನು ಕಚೇರಿ ಮುಚ್ಚಿದ ಮೇಲೆ ದಿನಾ ಹೋಗಿ ಕೂಡುತ್ತೇನೆ. ಅವನು ತಂತಿ ಕೆಳಗಿಡುತ್ತಾನೆ. ಏನಾತ್ರಿ ಕಾಕಾ ಎಂದು ಕೇಳುತ್ತಾನೆ. ಏನಿಲ್ಲಪಾ, ಸುಮ್ಮನ ಬಂದೆ ಅನ್ನುತ್ತೇನೆ.